ದಾಟಲೆಂದು ಕಟ್ಟಿದ ಹಡಗು

2008ರ ನವೆಂಬರ್ 26, ಬುಧವಾರ. ಮಧ್ಯಾಹ್ನದ ಮೇಲೆ ಆಫೀಸಿಗೆ ರಜೆ ಹೇಳಿ ದುಬೈಯ ಜುಮೇರಾ ಕಡಲಕರೆಗೆ ಹೋದೆ. ಜೊತೆಗೆ ಕಾಪುವಿನ ಕಡೆಯ ನನ್ನ ಗೆಳೆಯ. ಅವನ ತಂದೆ ಮಂಗಳೂರು ಧಕ್ಕೆಯಿಂದ ಹಂಚು ಹೇರಿಕೊಂಡು ಹೋಗುವ ಮಂಜಿ ಎಂಬ ಹಾಯಿಹಡಗಿನಲ್ಲಿ ದುಡಿದವರು. ಹಾಗಾಗಿ ಹಡಗಿನ ವಿಷಯದಲ್ಲಿ ಅವನ ಮಾತಿಗೆ ನಮ್ಮ ನಡುವೆ ಒಂದು ತೂಕ ಇತ್ತು. ಬಂಡೆಗಳ ಮೇಲೆ ಅಷ್ಟು ಹೊತ್ತಿಗೇ ಜನ ಸೇರಿದ್ದರು. ಇಂಗ್ಲಿಷರು ಹೆಚ್ಚು, ಕೆಲವರ ಕೈಯಲ್ಲಿ ಪುಟ್ಟ ಬಾವುಟ, ಇನ್ನು ಕೆಲವರ ಕಣ್ಣು ಆಗಲೇ ಕೆಂಪಾಗಿತ್ತು.

ಬರಬೇಕಾಗಿದ್ದದ್ದು ಕ್ವೀನ್ ಎಲಿಜಬೆತ್ 2. ಎಲ್ಲರ ಬಾಯಲ್ಲಿ ಕ್ಯೂಇ2. ಹದಿನೈದು ದಿನ ಹಿಂದೆ, ನವೆಂಬರ್ 11ರ ರಾತ್ರಿ, ಅದು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಕೊನೆಯ ಸಲ ಹೊರಟಿತ್ತು. ಅದೇ ದಿನ ಬೆಳಿಗ್ಗೆ ಬಂದರಿಗೆ ಬರುವಾಗ ಬ್ರ್ಯಾಂಬಲ್ ಎಂಬ ಮರಳದಿಬ್ಬಕ್ಕೆ ಸಿಕ್ಕಿಕೊಂಡು, ಟಗ್ ದೋಣಿಗಳು ಎಳೆದು ಬಿಡಿಸಿದ್ದವಂತೆ. ಪೇಪರಿನಲ್ಲಿ ಅದನ್ನು ಓದಿದ ಗೆಳೆಯ, "ಹೋಗಲಿಕ್ಕೆ ಮನಸ್ಸಿಲ್ಲ ಮಾರಾಯ ಅದಕ್ಕೆ" ಅಂದಿದ್ದ. ಹಿಂದಿನ ವರ್ಷವೇ ದುಬೈ ಸರ್ಕಾರದ ಕಂಪನಿಯೊಂದು ಅದನ್ನು 10 ಕೋಟಿ ಡಾಲರಿಗೆ ಕೊಂಡಿತ್ತು. ಹೋಟೆಲು ಮಾಡುತ್ತಾರೆ ಎಂಬ ಸುದ್ದಿ.

ಮೊದಲು ಕಂಡದ್ದು ಸಣ್ಣ ದೋಣಿಗಳ ಹಿಂಡು. ವಿಹಾರದ ಯಾಟುಗಳು, ಮರದ ಧೋಗಳು. ಅವುಗಳ ನಡುವೆ ಕಡುಬಣ್ಣದ ಉದ್ದನೆ ಒಡಲು, ಅದರ ಮೇಲೆ ಬಿಳಿ ಮಹಡಿಗಳು, ನಟ್ಟನಡುವೆ ಕೆಂಪು-ಕಪ್ಪು ಚಿಮಣಿ. ಎಮಿರೇಟ್ಸಿನ ಹೊಚ್ಚ ಹೊಸ ಎ380 ವಿಮಾನ ತಗ್ಗಿನಲ್ಲಿ ಹಾರಿ ಅದರ ಮೇಲೆ ಹಾದು ಹೋಯಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಗಂಟಲು ಕಟ್ಟಿತು. ಸಾಗರ ದಾಟುವ ಇಂಥ ಹಡಗುಗಳ ಕೆಲಸ ಕಸಿದುಕೊಂಡದ್ದೇ ವಿಮಾನ. 1958ರ ಅಕ್ಟೋಬರಿನಲ್ಲಿ ಲಂಡನ್-ನ್ಯೂಯಾರ್ಕ್ ನಡುವೆ ಜೆಟ್ ವಿಮಾನ ಶುರುವಾಯಿತು. ಅಟ್ಲಾಂಟಿಕ್ ದಾಟುವವರಲ್ಲಿ ಹಡಗು ಹತ್ತುವವರಿಗಿಂತ ವಿಮಾನ ಹತ್ತುವವರೇ ಹೆಚ್ಚಾದದ್ದೂ ಆ ಹೊತ್ತಿಗೇ. ಹಾಗಿದ್ದೂ 1967ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನ ಜಾನ್ ಬ್ರೌನ್ ಕಟ್ಟೆಯಲ್ಲಿ ಈ ಹಡಗನ್ನು ನೀರಿಗಿಳಿಸಿದರು. ಸೋತ ಆಟಕ್ಕೆ ಇಳಿದ ಹಡಗು ಅಂತ ಆಗ ಎಷ್ಟೋ ಜನ ಬಗೆದಿದ್ದರು. ಅದು ನಲವತ್ತು ವರ್ಷ ಓಡಿತು, ಅಟ್ಲಾಂಟಿಕ್ಕನ್ನು 800ಕ್ಕೂ ಹೆಚ್ಚು ಸಲ ದಾಟಿತು.

ಹತ್ತಿರ ಬಂದಾಗ ಗೆಳೆಯ ನೋಡಿದ್ದು ಅದರ ಎತ್ತರವನ್ನಲ್ಲ, ಕಿಟಕಿಗಳನ್ನೂ ಅಲ್ಲ. ಮೂತಿಯನ್ನು. "ಅದರ ಮುಂದಿನ ಭಾಗ ನೋಡು. ಎಷ್ಟು ಉದ್ದ, ಎಷ್ಟು ಚೂಪು. ಮನೆ ಕಟ್ಟಿದ್ದು ಎಷ್ಟು ಹಿಂದೆ. ತೆರೆ ಬಂದು ಬಡಿದರೆ ಮುಂದೆಯೇ ಒಡೆದು ಎರಡೂ ಬದಿಗೆ ಹೋಗಬೇಕು, ಮನೆಗೆ ತಾಗಬಾರದು. ಇದನ್ನು ಕಟ್ಟಿದವ ಕಡಲು ಕಂಡವ." ಮಂಜಿಯವರ ಮಗ ಅಷ್ಟು ದೂರದಿಂದ ಕಂಡುಹಿಡಿದದ್ದನ್ನೇ ನಾನು ಆಮೇಲೆ ಪುಸ್ತಕಗಳಲ್ಲಿ ಓದಿ ತಿಳಿದೆ.

ಪೋರ್ಟ್ ರಶೀದಿನ ಕಡೆ ತಿರುಗುವಾಗ ಹಡಗು ಕೂಗಿತು. ತುಂಬ ತಗ್ಗಿನ ಸ್ವರ. ಕಾಲಕೆಳಗಿನ ಬಂಡೆಯಲ್ಲಿ ಅದು ಕೇಳಿಸಿತು ಅಂದರೆ ಮೊಮ್ಮಕ್ಕಳು ನಂಬುವುದಿಲ್ಲ, ಆದರೆ ನಿಜ. ಆ ಕೂಗಿಗೆ ನನ್ನೊಳಗೆ ಎದ್ದು ಬಂದದ್ದು ಬೇರೆಯೇ ಹಡಗು.

ಅದರ ಹೆಸರು ದ್ವಾರಕಾ. ಇಪ್ಪತ್ತರ ಹರೆಯದ ಹುಡುಗನಾಗಿ ನಾನು ಊರು ಬಿಟ್ಟು ದುಬೈಗೆ ಬಂದದ್ದು ಅದರಲ್ಲಿ. ಈಗಿನವರಿಗೆ ಆ ಹೆಸರೇ ಗೊತ್ತಿಲ್ಲ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದ್ದು. 'ಬಿಐ ಹಡಗು' ಅಂತಲೇ ಜನ ಹೇಳುತ್ತಿದ್ದರು. ದಾರಾ, ದ್ವಾರಕಾ, ದುಮ್ರಾ, ದರೇಸಾ ಎಂದು ಒಂದೇ ಅಕ್ಷರದ ಹೆಸರಿನ ಅಕ್ಕತಂಗಿಯರು. ಬೊಂಬಾಯಿ, ಕರಾಚಿ, ಮಸ್ಕತ್, ದುಬೈ, ಹಾಗೇ ಮೇಲೆ ಬಸ್ರಾದವರೆಗೆ ಅವುಗಳ ದಾರಿ. ದ್ವಾರಕಾ 1947ರಲ್ಲಿ ಇಂಗ್ಲೆಂಡಿನ ಟೈನ್ ನದಿ ದಡದಲ್ಲಿ ಕಟ್ಟಿದ್ದು, ಸುಮಾರು 4,850 ಟನ್. ಕ್ಯಾಬಿನ್ನಿನಲ್ಲಿ ಬೆರಳೆಣಿಕೆಯ ಮಂದಿ. ಡೆಕ್ಕಿನಲ್ಲಿ ಸಾವಿರಕ್ಕೂ ಮಿಕ್ಕಿ ನಮ್ಮಂಥವರು.

ಉಡುಪಿಯಿಂದ ಬಸ್ಸಿನಲ್ಲಿ ಬೊಂಬಾಯಿ, ಅಲ್ಲಿ ಏಜೆಂಟನ ಬಾಗಿಲಲ್ಲಿ ದಿನಗಟ್ಟಲೆ ಕಾಯುವುದು, ಆಮೇಲೆ ಧಕ್ಕೆ. ಅಮ್ಮ ಕಟ್ಟಿಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ, ಹಪ್ಪಳ, ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ. ಡೆಕ್ಕಿನಲ್ಲಿ ಜಾಗ ಹಿಡಿದವನೇ ರಾಜ. ನನ್ನ ಚಾಪೆಯ ಬಲಕ್ಕೆ ಒಬ್ಬ ಮಲಬಾರಿನ ದರ್ಜಿ, ಎಡಕ್ಕೆ ಗುಜರಾತಿನ ಬಡಗಿ. ಕರಾಚಿ ದಾಟಿದ ಮೇಲೆ ಹಡಗು ಓಲಾಡಿತು. ಸುತ್ತಲೂ ವಾಂತಿಯ ವಾಸನೆ, ಎಂಜಿನ್ನಿನ ಎಣ್ಣೆಯ ವಾಸನೆ, ಯಾರದೋ ಮಗುವಿನ ಅಳು. ಎರಡು ದಿನ ನಾನು ತಲೆ ಎತ್ತಲಿಲ್ಲ. ಪಕ್ಕದ ದರ್ಜಿ ನನ್ನದೇ ಭರಣಿಯಿಂದ ಒಂದು ಮಿಡಿ ತೆಗೆದು ಬಾಯಿಗಿಟ್ಟು, "ಚೀಪು, ನುಂಗಬೇಡ" ಅಂತ ಕೈಸನ್ನೆ ಮಾಡಿ ತೋರಿಸಿದ್ದು ಈಗಲೂ ಕಣ್ಣ ಮುಂದಿದೆ.

ಡೆಕ್ಕಿನಲ್ಲಿ ರಾತ್ರಿ ಹಿರಿಯರು ಸ್ವರ ತಗ್ಗಿಸಿ ದಾರಾದ ಸುದ್ದಿ ಮಾತಾಡುತ್ತಿದ್ದರು. 1961ರ ಏಪ್ರಿಲ್ 8ರಂದು ದುಬೈಯ ಹೊರಗೆ, ಬಿರುಗಾಳಿಯ ಬೆಳಗಿನ ಜಾವ, ದಾರಾದ ಒಳಗೆ ಸ್ಫೋಟವಾಗಿ ಬೆಂಕಿ ಹತ್ತಿತ್ತು. 238 ಜನ ಸತ್ತರು. ಎರಡು ದಿನದ ಮೇಲೆ ಹಡಗು ಮುಳುಗಿತು. ಅದರ ಅವಶೇಷ ಈಗಲೂ ಉಮ್ಮ್ ಅಲ್ ಕುವೈನ್ ಕಡೆಯ ನೀರಿನಡಿ ಇದೆ. ಅಂದಿನ ಕಾಲದಲ್ಲಿ ದುಬೈಗೆ ಧಕ್ಕೆಯೂ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿದರೆ ಜನ ಸಣ್ಣ ದೋಣಿಗೆ ಇಳಿದು, ಊರಿನೊಳಗೆ ಚಾಚಿದ ಖೋರ್ ಎಂಬ ಹಿನ್ನೀರಿನ ದಡ ಸೇರಬೇಕು. ನನ್ನ ಕಾಲಕ್ಕೆ ಪೋರ್ಟ್ ರಶೀದ್ ಆಗಿತ್ತು. 1972ರಲ್ಲಿ ತೆರೆದ ಬಂದರು ಅದು.

ಹಳೆಯ ಹಡಗುಗಳ ಅಂದಚೆಂದದ ಮಾತು ಬಂದಾಗ ಜನ ಬೆಳ್ಳಿ ಚಮಚ, ಬಾಲ್‌ರೂಮು, ಕಪ್ಪು ಕೋಟಿನ ಮಾಣಿಗಳ ಚಿತ್ರ ತೆಗೆದು ತೋರಿಸುತ್ತಾರೆ. ಅದು ಹಡಗಿನ ಮೇಲಿನ ಮಹಡಿಯ ಮಾತು. ಕೆಳಗೆ ಯಾವಾಗಲೂ ನಮ್ಮಂಥವರೇ ಇದ್ದದ್ದು. ಯುರೋಪಿನಿಂದ ಅಮೆರಿಕಕ್ಕೆ ಹೊರಟ ಬಡವರ ಟಿಕೆಟ್ಟಿನ ದುಡ್ಡಿನಿಂದಲೇ ಆ ದೊಡ್ಡ ದೊಡ್ಡ ಹಡಗು ಕಂಪನಿಗಳು ಬದುಕಿದವು. ಆದರೂ ದ್ವಾರಕಾದ ಕೊಳಕು ಡೆಕ್ಕನ್ನು ನೆನೆದರೆ ನನಗೆ ಕಹಿ ಬರುವುದಿಲ್ಲ. ಯಾಕೆಂದರೆ ಆ ಹಡಗು ಹೇಳಿದ ದಿನ ಹೊರಟಿತು, ಹೇಳಿದ ಊರಿಗೆ ಮುಟ್ಟಿಸಿತು. ಗಾಳಿ ಎದ್ದಿತು ಅಂತ ಬೇರೆ ಊರಿನಲ್ಲಿ ಇಳಿಸಲಿಲ್ಲ. ಡೆಕ್ಕಿನಲ್ಲಿದ್ದ ಒಬ್ಬೊಬ್ಬನಿಗೂ ಆಚೆ ದಡದಲ್ಲಿ ಒಂದು ಕೆಲಸ, ಒಂದು ಸಾಲ, ಒಂದು ಕಾಗದ ಕಾಯುತ್ತಿತ್ತು.

ಆ ಸಂಜೆ ಜುಮೇರಾದಲ್ಲಿ ನಿಂತಾಗ ಇದೆಲ್ಲ ಹೊಳೆಯಿತು. 963 ಅಡಿ ಉದ್ದದ ಆ ರಾಣಿಯೂ ನಮ್ಮ ದ್ವಾರಕಾವೂ ಒಂದೇ ಕುಲ. ಎರಡೂ ದಾಟಲೆಂದು ಕಟ್ಟಿದ ಹಡಗುಗಳು.

ಬಂದರಿನಲ್ಲಿ ಪಟಾಕಿ ಹಾರಿಸಿದರು. ನಾವು ದೇರಾದ ರೂಮಿಗೆ ಮರಳಿ ಅನ್ನಕ್ಕೆ ಇಟ್ಟು ಟಿವಿ ಹಾಕಿದರೆ ಬೊಂಬಾಯಿ. ವಿಟಿ ಸ್ಟೇಷನ್, ತಾಜ್ ಹೋಟೆಲು, ಗುಂಡಿನ ಸದ್ದು. ತಂಗಿಯ ಗಂಡ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರು. ಫೋನು ತಾಗುವುದಿಲ್ಲ. ರೂಮಿನ ಎಲ್ಲರಿಗೂ ಬೊಂಬಾಯಿಯಲ್ಲಿ ಯಾರಾದರೊಬ್ಬರು ಇದ್ದೇ ಇದ್ದರು. ಬೆಳಗಿನ ಹೊತ್ತಿಗೆ ಭಾವನ ಸ್ವರ ಕೇಳಿತು: "ಹೋಟೆಲಿನ ಒಳಗೇ ಇದ್ದೇನೆ ಭಾವ, ಷಟರ್ ಹಾಕಿದ್ದೇವೆ." ಆ ಕೊಲೆಗಡುಕರು ಬಂದದ್ದೂ ಕಡಲ ದಾರಿಯಲ್ಲೇ. ಎಷ್ಟೋ ಕಾಲ ಆ ಹಡಗು ಬಂದ ಸಂಜೆಯ ಕಥೆಯನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಹೊರಟರೆ ರಾತ್ರಿಯದ್ದೇ ನೆನಪಾಗುತ್ತಿತ್ತು.

ಊರಿಗೆ ಮರಳಿದ ಮೇಲೆ, ಆಟಿಯ ಮಳೆಯಲ್ಲಿ ಕರೆಂಟು ಹೋಗಿ ಎಲ್ಲರೂ ಬಚ್ಚಲೊಲೆಯ ಮುಂದೆ ಸೇರುವ ರಾತ್ರಿಗಳಲ್ಲಿ ಅದು ಮೆಲ್ಲಗೆ ಬಾಯಿಗೆ ಬಂತು. ಹೋದ ವರ್ಷ ಮಗಳ ಸಂಸಾರ ಸಿಂಗಾಪುರದಿಂದ ಕ್ರೂಸ್ ಹೋಗಿ ಬಂದಿತ್ತು. ಮೊಮ್ಮಗಳು ಒಲೆಗೆ ತೆಂಗಿನ ಮಡಲು ದೂಡುತ್ತಾ ಕೇಳಿದಳು: "ಅಜ್ಜ, ನಾವು ಹೋದ ಹಡಗು ನಿಮ್ಮ ಕ್ಯೂಇ2ಕ್ಕಿಂತ ತುಂಬ ದೊಡ್ಡದು. ಅದರಲ್ಲಿ ನೀರಿನ ಜಾರುಬಂಡಿ ಉಂಟು, ಥಿಯೇಟರ್ ಉಂಟು. ಮತ್ತೆ ನೀವು ಯಾಕೆ ಯಾವಾಗಲೂ ಆ ಹಳೇದರ ಕಥೆಯೇ ಹೇಳುವುದು?"

ನ್ಯಾಯವಾದ ಪ್ರಶ್ನೆ. ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಕ್ಯೂಇ2 ಸುಮಾರು 70,000 ಟನ್, ಜನ ಸುಮಾರು 1,800. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ ಐಕಾನ್ ಆಫ್ ದಿ ಸೀಸ್ ಎಂಬ ಕ್ರೂಸ್ ಹಡಗು 2,48,663 ಟನ್. 365 ಮೀಟರ್ ಉದ್ದ, 20 ಡೆಕ್ಕು, ತುಂಬಿದರೆ 7,600 ಪ್ರಯಾಣಿಕರು. ಅದರ ಮುಂದೆ ನಮ್ಮ ರಾಣಿ ಸಣ್ಣವಳು. ಕ್ರೂಸನ್ನು ನಾನು ಹಳಿಯುವುದೂ ಇಲ್ಲ. ಗುಮಾಸ್ತನ ಸಂಸಾರವೂ ನಾಲ್ಕು ದಿನ ಕಡಲ ಮೇಲೆ ಉಂಡು ಮಲಗಿ ಬರುವಂತಾದದ್ದು ಅದರಿಂದ. ನಮ್ಮ ಕರಾವಳಿಯ, ಗೋವಾದ ಎಷ್ಟು ಹುಡುಗರು ಅದರ ಅಡುಗೆಮನೆಯಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿದ್ದಾರೆ. ಪಣಂಬೂರಿನ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ಮೇಲೆ ಕ್ರೂಸ್ ಹಡಗು ಬರುತ್ತದೆ; ಇಳಿದವರನ್ನು ಯಕ್ಷಗಾನದ ವೇಷ ಎದುರುಗೊಳ್ಳುತ್ತದೆ. ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಸುತ್ತಿ ಸಂಜೆಗೆ ಹತ್ತುತ್ತಾರೆ. ಒಳ್ಳೆಯದೇ.

ಆದರೆ ನಾನು ಅವಳಿಗೆ ಬೂದಿಯಲ್ಲಿ ಬೆರಳಿನಿಂದ ಎರಡು ಹಡಗು ಬಿಡಿಸಿ ತೋರಿಸಿದೆ. ಒಂದರ ಮೂತಿ ಉದ್ದ, ಹೊಟ್ಟೆ ಆಳ, ಮೈ ಸಪೂರ. ಇನ್ನೊಂದು ದೋಣಿಯ ಮೇಲೆ ಕೂರಿಸಿದ ಬೆಂಗಳೂರಿನ ಅಪಾರ್ಟ್‌ಮೆಂಟು. ಹೆಚ್ಚು ಜನರಿಗೆ ಬಾಲ್ಕನಿ ಬೇಕು, ಹಾಗಾಗಿ ಗೋಡೆ ನೇರಕ್ಕೆ ಎದ್ದಿದೆ. ಸಣ್ಣ ಸಣ್ಣ ದ್ವೀಪದ ಬಂದರಿಗೂ ಹೋಗಬೇಕು, ಹಾಗಾಗಿ ಗಾತ್ರಕ್ಕೆ ತಕ್ಕ ಆಳ ಇಲ್ಲ. ಅವಸರವಿಲ್ಲ, ಹಾಗಾಗಿ 22 ನಾಟ್ ವೇಗ ಸಾಕು. ಬಿರುಗಾಳಿಯ ಮುನ್ಸೂಚನೆ ಬಂದರೆ ದಾರಿ ಬದಲಿಸಿ ಬಿಸಿಲಿರುವ ಕಡೆ ಹೋಗುತ್ತದೆ. ಹೊರಟ ಊರಿಗೇ ಮರಳುವ ಹಡಗಿಗೆ ದಾರಿ ಬದಲಾದರೆ ನಷ್ಟ ಕಡಿಮೆ. ಕ್ಯೂಇ2ಕ್ಕೆ ಆ ಅನುಕೂಲ ಇರಲಿಲ್ಲ. ಅಟ್ಲಾಂಟಿಕ್ಕಿನ ಉತ್ತರ ಭಾಗ ಜಗತ್ತಿನ ಅತಿ ಕೆಟ್ಟ ಕಡಲುಗಳಲ್ಲಿ ಒಂದು. ಅದನ್ನು ಐದು ದಿನದಲ್ಲಿ ದಾಟಬೇಕು, ಅದಕ್ಕೆ 28.5 ನಾಟ್ ವೇಗ ಬೇಕು, ಆ ವೇಗದಲ್ಲಿ ತೆರೆಯ ಹೊಡೆತ ತಾಳುವ ಒಡಲು ಬೇಕು. ಆ ಅಂದ ಯಾರೋ ಅಲಂಕಾರಕ್ಕೆ ಕೊಟ್ಟದ್ದಲ್ಲ, ಕೆಲಸ ಕೊಟ್ಟದ್ದು.

"ತೆರೆ ಅಂದರೆ ಎಷ್ಟು ದೊಡ್ಡದು?" ಅಂದಳು.

1995ರ ಸೆಪ್ಟೆಂಬರಿನ ಕಥೆ ಹೇಳಿದೆ. ಲೂಯಿಸ್ ಎಂಬ ಚಂಡಮಾರುತ ಅಟ್ಲಾಂಟಿಕ್ಕಿನಲ್ಲಿ. ಕ್ಯೂಇ2 ನ್ಯೂಯಾರ್ಕಿಗೆ ಹೋಗುತ್ತಿತ್ತು. ಕ್ಯಾಪ್ಟನ್ ರೊನಾಲ್ಡ್ ವಾರ್ವಿಕ್. (ಅವರ ತಂದೆಯೇ ಈ ಹಡಗಿನ ಮೊತ್ತಮೊದಲ ಕ್ಯಾಪ್ಟನ್, ತಂದೆ ನಡೆಸಿದ ಹಡಗನ್ನು ಮಗ ನಡೆಸಿದ.) ನಡುರಾತ್ರಿ ಕಳೆದ ಮೇಲೆ ಕತ್ತಲಲ್ಲಿ ಎದುರಿಗೆ ಒಂದು ಬಿಳಿ ಗೋಡೆ ಎದ್ದಿತು. ಇಂಗ್ಲೆಂಡಿನ ಡೋವರಿನ ಸುಣ್ಣದ ಬಂಡೆಗಳ ಕಡೆಗೇ ಹಡಗು ನಡೆಸುತ್ತಿದ್ದೇನೋ ಅನ್ನಿಸಿತಂತೆ ಕ್ಯಾಪ್ಟನ್ನಿಗೆ. ಸುಮಾರು 95 ಅಡಿ ಎತ್ತರದ ತೆರೆ. ಹಡಗು ನಡೆಸುವವರು ನಿಲ್ಲುವ ಬ್ರಿಜ್ಜಿನ ಕಣ್ಮಟ್ಟಕ್ಕೆ. ಅದು ಬಂದು ಮೂತಿಯ ಮೇಲೆ ಒಡೆಯಿತು, ಇಡೀ ಹಡಗು ನಡುಗಿತು, ಆಮೇಲೆ ಮೂತಿ ಮೇಲೆದ್ದಿತು. ಹಡಗು ನ್ಯೂಯಾರ್ಕ್ ತಲುಪಿತು. ಜುಮೇರಾದಲ್ಲಿ ಗೆಳೆಯ ಬೆರಳು ಮಾಡಿ ತೋರಿಸಿದ್ದು ಇದೇ ಮೂತಿಯನ್ನು, ಇದೇ ಕೆಲಸಕ್ಕೆ.

1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಯುದ್ಧ ಬಂದಾಗ ಬ್ರಿಟನ್ ಸರ್ಕಾರ ಕ್ಯೂಇ2ವನ್ನೇ ಕರೆಯಿತು. ಹೆಲಿಕಾಪ್ಟರ್ ಇಳಿಯಲು ಡೆಕ್ಕಿನ ಮೇಲೆ ಕಟ್ಟೆ ಕಟ್ಟಿ, ಮೂರು ಸಾವಿರದಷ್ಟು ಸೈನಿಕರನ್ನು, ಅದರಲ್ಲಿ ಗೂರ್ಖಾಗಳನ್ನೂ, ಹೇರಿಕೊಂಡು ಅದು ದಕ್ಷಿಣದ ಮಂಜುಗಡ್ಡೆಯ ಕಡಲಿಗೆ ಹೋಯಿತು. ಅದೇ ಯುದ್ಧದಲ್ಲಿ ಆಸ್ಪತ್ರೆ ಹಡಗಾಗಿ ಹೋದ ಉಗಾಂಡಾ ಮೂಲತಃ ನಮ್ಮ ಬಿಐ ಕಂಪನಿಯದ್ದು. ಅದೇ 1982ರಲ್ಲಿ ದ್ವಾರಕಾದ ಕೆಲಸ ಮುಗಿಯಿತು. ಅದರ ಡೆಕ್ಕನ್ನು ಈಗಲೂ ನೋಡಬೇಕೆಂದರೆ ಅಟೆನ್‌ಬರೋ ಅವರ 'ಗಾಂಧಿ' ಸಿನಿಮಾದಲ್ಲಿ ನೋಡಬಹುದು. ಆ ಚಿತ್ರೀಕರಣಕ್ಕೆ ಅದು ನಿಂತಿತ್ತು. ಆಮೇಲೆ ಕರಾಚಿ ಬಳಿಯ ಗಡಾನಿಯಲ್ಲಿ ಒಡೆದು ಹಾಕಿದರು. ಹಡಗುಗಳ ಸಾವಿಗೆ ನಮ್ಮ ಕಡೆಯ ದಡಗಳೇ ಹೆಚ್ಚು ಸಾಕ್ಷಿ. ಫ್ರಾನ್ಸ್ ಎಂಬ ಹೆಸರಿನ 316 ಮೀಟರಿನ ಮಹಾ ಹಡಗು, ಫ್ರೆಂಚರು ತಮ್ಮ ದೇಶದ ಹೆಸರನ್ನೇ ಕೊಟ್ಟದ್ದು, ಕೊನೆಗೆ ಬ್ಲೂ ಲೇಡಿ ಎಂಬ ಹೆಸರು ಹೊತ್ತು 2006ರಲ್ಲಿ ಗುಜರಾತಿನ ಅಲಂಗಿಗೆ ಬಂತು. ಅದರೊಳಗಿನ ಕಲ್ನಾರಿನ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2007ರಲ್ಲಿ ಅಪ್ಪಣೆಯಾಗಿ, ಗ್ಯಾಸ್ ಕಟರ್ ಹಿಡಿದ ಕೂಲಿಯಾಳುಗಳ ಕೈಯಲ್ಲಿ ತುಂಡಾಯಿತು.

ಕ್ಯೂಇ2 ಆ ಗತಿಯಿಂದ ಸ್ವಲ್ಪದರಲ್ಲಿ ಪಾರಾಯಿತು. ಅದು ದುಬೈಗೆ ಮುಟ್ಟುವ ಹೊತ್ತಿಗೆ ಜಗತ್ತಿನ ಬ್ಯಾಂಕುಗಳು ಬೀಳುತ್ತಿದ್ದವು. ಹಾಕಿಕೊಂಡ ಯೋಜನೆಗಳೆಲ್ಲ ನಿಂತವು. ವರ್ಷಗಟ್ಟಲೆ ಅದು ಪೋರ್ಟ್ ರಶೀದಿನಲ್ಲಿ ಧೂಳು ಹೊದ್ದು ನಿಂತಿತ್ತು. ಬಿಸಿಲಿಗೆ ಬಣ್ಣ ಸೀಳಿತ್ತು. 2018ರ ಏಪ್ರಿಲಿನಲ್ಲಿ ಕೊನೆಗೂ ಹೋಟೆಲಾಗಿ ಬಾಗಿಲು ತೆರೆಯಿತು. ಮರುವರ್ಷ ಅಲ್ಲಿಗೆ ಹೋದಾಗ ನಾನೂ ಗೆಳೆಯನೂ ಹತ್ತಿ ನೋಡಿದೆವು. ಕ್ಯಾಬಿನ್ನುಗಳ ನಡುವಿನ ಉದ್ದನೆ ಓಣಿಯಲ್ಲಿ ನಿಂತರೆ ನೆಲ ದೂರದಲ್ಲಿ ಮೆಲ್ಲಗೆ ಮೇಲಕ್ಕೆ ಬಾಗುತ್ತದೆ. ಮಟ್ಟವಾಗಿಲ್ಲ. ಗೆಳೆಯ ಕೂತು ನೆಲಕ್ಕೆ ಅಂಗೈ ಇಟ್ಟು, "ಅಪ್ಪನ ಮಂಜಿಯಲ್ಲೂ ಹೀಗೇ ಇತ್ತು" ಅಂದ. ಹಡಗಿನ ಎರಡೂ ತುದಿ ನೀರಿನಿಂದ ಎತ್ತರಕ್ಕೆ ಏಳಲೆಂದು ಮಾಡಿದ ಬಾಗು ಅದು. ತೆರೆಗಾಗಿ ಬಾಗಿಸಿದ ಆ ನೆಲದ ಮೇಲೆ ಈಗ ಸೂಟ್‌ಕೇಸಿನ ಗಾಲಿ ಉರುಳುತ್ತವೆ.

ಇದನ್ನು ಹೇಳಿದಾಗ ಮೊಮ್ಮಗಳಿಗೆ ಬೇಸರವಾಯಿತು. "ಹಾಗಾದರೆ ದಾಟುವ ಹಡಗು ಈಗ ಒಂದೂ ಇಲ್ಲವಾ?"

ಒಂದು ಇದೆ. ಕ್ವೀನ್ ಮೇರಿ 2. ಅದನ್ನು ರೂಪಿಸಿದ ಸ್ಟೀಫನ್ ಪೇನ್ ಹುಡುಗನಾಗಿದ್ದಾಗ ಟಿವಿಯ ಮಕ್ಕಳ ಕಾರ್ಯಕ್ರಮದಲ್ಲಿ ಕ್ಯೂಇ2 ನೋಡಿ ಮರುಳಾದವರು. ಫ್ರಾನ್ಸಿನ ಸೇಂಟ್ ನಝೇರ್ ಕಟ್ಟೆಯಲ್ಲಿ ಕಟ್ಟಿದ ಹಡಗು, 2004ರ ಜನವರಿ 12ರಂದು ಸೌತಾಂಪ್ಟನ್ನಿನಿಂದ ಮೊದಲ ಸಲ ಹೊರಟಿತು. ಇಷ್ಟೇ ಗಾತ್ರದ ಕ್ರೂಸ್ ಹಡಗಿಗಿಂತ ಅದಕ್ಕೆ ಬಹಳ ಹೆಚ್ಚು ಉಕ್ಕು ಹಾಕಿದ್ದಾರೆ, ಖರ್ಚೂ ಹಾಗೇ ಏರಿತು. ಜೀವರಕ್ಷಕ ದೋಣಿಗಳನ್ನು ಅಟ್ಲಾಂಟಿಕ್ಕಿನ ತೆರೆ ಮುಟ್ಟದಷ್ಟು ಮೇಲೆ ತೂಗುಹಾಕಿದ್ದಾರೆ. ಇಂದಿಗೂ ಅದು ಸೌತಾಂಪ್ಟನ್-ನ್ಯೂಯಾರ್ಕ್ ನಡುವೆ ಓಡುತ್ತದೆ, ಏಳು ರಾತ್ರಿಯ ದಾರಿ. ಮನೆ ಖಾಲಿ ಮಾಡಿ ದೇಶ ಬದಲಿಸುವವರು ಪೆಟ್ಟಿಗೆ ಪೆಟ್ಟಿಗೆ ಸಾಮಾನು ತರುತ್ತಾರೆ. ಸಾಕಿದ ನಾಯಿಯನ್ನು ವಿಮಾನದ ಹೊಟ್ಟೆಗೆ ತುರುಕಲು ಮನಸ್ಸಾಗದವರಿಗೆ ಅಲ್ಲಿ ನಾಯಿಗಳಿಗೂ ಗೂಡುಗಳಿವೆ.

ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಬಾ ಬಾ ಅಂತ ಕರೆದು ಸಾಕಾಗಿದೆ ಅವನಿಗೆ. ನನ್ನವಳಿಗೆ ಮೊಣಕಾಲು ನೋವು, ಹದಿನಾರು ಗಂಟೆ ವಿಮಾನದಲ್ಲಿ ಕಾಲು ಮಡಚಿ ಕೂರಲಾರಳು. ಲಂಡನ್ನಿನವರೆಗೆ ಹೇಗಾದರೂ ಹಾರಿ, ಅಲ್ಲಿಂದ ಮುಂದೆ ಹಡಗು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಒಳಗಿನ, ಕಿಟಕಿಯಿಲ್ಲದ ಕ್ಯಾಬಿನ್ನಾದರೂ ಸಾಕು, ಡೆಕ್ಕಿನ ಮೇಲೆ ನಿಲ್ಲಲು ದುಡ್ಡು ಕೇಳುವುದಿಲ್ಲ. ವೀಸಾದ ಅರ್ಜಿ ಹಾಕಿ ಆಗಿದೆ. ಉಪ್ಪಿನಕಾಯಿ ಭರಣಿ ಬಿಡುತ್ತಾರೋ ಇಲ್ಲವೋ ಎಂದು ಮಗಳು ವಿಚಾರಿಸುತ್ತಿದ್ದಾಳೆ. ಮಗನಿಗೆ ನಾನು ಹೇಳಿದ್ದು ಇಷ್ಟೇ: "ಏರ್‌ಪೋರ್ಟಿಗೆ ಬರಬೇಡ ಮಗಾ. ಬ್ರೂಕ್ಲಿನ್ ಧಕ್ಕೆಗೆ ಬಾ."